ಕಡಲ ಸ್ಲಗ್ ಗುರುತಿಸುವುದು: ಕಡಲಿಲ್ಲದ ಊರಿನವರಿಗೊಂದು ಸಮಗ್ರ ಮಾರ್ಗದರ್ಶಿ

ತುಮಕೂರಿನಿಂದ ಹೊರಡುವ ಹಳೆಯ ರಾಷ್ಟ್ರೀಯ ಹೆದ್ದಾರಿ 206 ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲಿ ಮುಗಿಯುತ್ತಿತ್ತು. ಹೆದ್ದಾರಿಯ ನಂಬರು ಬದಲಾಗಿದೆ, ದಾರಿ ಅದೇ. ಶುಕ್ರವಾರ ರಾತ್ರಿ ಹೊರಟು, ಮುರುಡೇಶ್ವರದಲ್ಲಿ ದೋಣಿ ಹತ್ತಿ, ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮಾಡಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವ ಹುಡುಗ ಹುಡುಗಿಯರು ನಮ್ಮ ತುಮಕೂರಿನಲ್ಲೂ ಈಗ ಇದ್ದಾರೆ. ಅಂಡಮಾನಿಗೋ ಮಾಲ್ಡೀವ್ಸಿಗೋ ರಜೆ ಹಾಕಿ ಹೋಗಿಬರುವವರೂ ಉಂಟು. ಅವರು ತರುವ ಫೋಟೊಗಳಲ್ಲಿ ಮೀನುಗಳಿಗೆ ಹೇಗೋ ಹೆಸರು ಸಿಗುತ್ತದೆ. ತಲೆ ತಿನ್ನುವುದು ಸೀ ಸ್ಲಗ್‌ಗಳು, ಅದರಲ್ಲೂ ನ್ಯೂಡಿಬ್ರಾಂಕ್ ಎನ್ನುವ ಗುಂಪಿನವು. ನಮ್ಮ ತೋಟಗಳಲ್ಲಿ ಕಾಣುವ ಬಸವನಹುಳುವಿನ ದೂರದ ನೆಂಟರು ಇವು. ಬೆಳೆದ ಮೇಲೆ ಚಿಪ್ಪು ಇರುವುದಿಲ್ಲ, ಬಣ್ಣಕ್ಕೆ ಮಾತ್ರ ಬರವಿಲ್ಲ. ವಿಜ್ಞಾನ ಹೆಸರಿಟ್ಟ ನ್ಯೂಡಿಬ್ರಾಂಕ್ ಪ್ರಭೇದಗಳೇ 3,000ಕ್ಕೂ ಹೆಚ್ಚಿವೆ.

ಕರಾವಳಿಯಲ್ಲಿ ಇರುವವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಂಶಯ ಬಂದರೆ ಅವರು ಮುಂದಿನ ಇಳಿತಕ್ಕೆ ಅದೇ ಬಂಡೆಯ ಹತ್ತಿರ ಹೋಗಿ ಇನ್ನೊಮ್ಮೆ ನೋಡಬಹುದು. ನಮಗೆ ಉಳಿಯುವುದು ಫೋಟೊ ಮಾತ್ರ. ಫೋಟೊದಲ್ಲಿ ಇಲ್ಲದ ಅಂಗವನ್ನು ತುಮಕೂರಿನಲ್ಲಿ ಕೂತು ನೋಡಲು ಬರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿ ನೀರಿನೊಳಗಿಂದಲೇ ಶುರುವಾಗುತ್ತದೆ. ಮತ್ತೆ ಇದರಲ್ಲಿ ಬಣ್ಣಕ್ಕೆ ಕೊನೆಯ ಜಾಗ. ‘ನೀಲಿ ಬಣ್ಣದ್ದು, ಕಪ್ಪು ಗೆರೆ ಇತ್ತು’ ಎಂದು ಹುಡುಕಲು ಹೊರಟರೆ ಒಂದು ಡಜನ್ ಹೆಸರು ಎದುರು ನಿಲ್ಲುತ್ತವೆ, ಅದರಲ್ಲಿ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ನಾವು ಆರಿಸಿಕೊಳ್ಳುತ್ತೇವೆ. ಅದನ್ನು ಗುರುತಿಸುವುದು ಅನ್ನಲಾಗದು.

ಹಂತ 1: ನೀರಿನಲ್ಲೇ ಮುಗಿಸಬೇಕಾದ ಕೆಲಸ

ಒಂದು ಪ್ರಾಣಿಗೆ ಒಂದೇ ಫೋಟೊ ಸಾಲದು. ಮೇಲಿಂದ ನೇರವಾಗಿ ಇಡೀ ದೇಹ ಬರುವಂತೆ ಒಂದು. ಪಕ್ಕದಿಂದ, ಪಾದದ ಅಂಚು ಕಾಣುವಂತೆ ಒಂದು. ತಲೆಯ ಮೇಲಿನ ಎರಡು ಕೊಂಬುಗಳು ಹತ್ತಿರದಿಂದ ಕಾಣುವಂತೆ ಒಂದು. ಈ ಕೊಂಬುಗಳಿಗೆ ರೈನೋಫೋರ್ ಎನ್ನುತ್ತಾರೆ, ನೀರಿನಲ್ಲಿರುವ ವಾಸನೆಯನ್ನು ಪ್ರಾಣಿ ಹಿಡಿಯುವುದು ಇವುಗಳಿಂದ. ಬೆನ್ನಿನ ಹಿಂಭಾಗದಲ್ಲಿ ಕಿವಿರಿನ ಗೊಂಚಲು ಇದ್ದರೆ ಅದರದ್ದು ಒಂದು. ಕೊನೆಗೆ ಸ್ವಲ್ಪ ದೂರದಿಂದ, ಅದು ಯಾವುದರ ಮೇಲೆ ಕೂತಿದೆ ಎನ್ನುವುದು ಕಾಣುವಂತೆ ಒಂದು. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಸ್ಲಗ್‌ಗಳಲ್ಲಿ ಹೆಚ್ಚಿನವು ಊಟದ ವಿಷಯದಲ್ಲಿ ಬಹಳ ಮಡಿ: ಒಂದು ಗುಂಪಿಗೆ ಸ್ಪಂಜು ಮಾತ್ರ, ಇನ್ನೊಂದಕ್ಕೆ ಅಸಿಡಿಯನ್ (ಬಂಡೆಗೆ ಅಂಟಿ ಬದುಕುವ ಚೀಲದಂಥ ಪ್ರಾಣಿ), ಮತ್ತೊಂದಕ್ಕೆ ಹೈಡ್ರಾಯ್ಡ್ (ಗಿಡದಂತೆ ಕಾಣುವ ಕುಟುಕು ಪ್ರಾಣಿ). ಕೂತ ಜಾಗ ನೋಡಿಯೇ ಅರ್ಧ ಕುಟುಂಬಗಳನ್ನು ಪಕ್ಕಕ್ಕಿಡಬಹುದು.

ಬೆಳಕಿನ ವಿಷಯ ಇನ್ನೂ ಮುಖ್ಯ. ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ, ಅದರ ಹಿಂದೆಯೇ ಕಿತ್ತಳೆಯನ್ನು. ಟಾರ್ಚಾಗಲಿ ಫ್ಲ್ಯಾಷಾಗಲಿ ಇಲ್ಲದೆ ಹತ್ತು ಮೀಟರ್ ಆಳದಲ್ಲಿ ತೆಗೆದ ಫೋಟೊದಲ್ಲಿ ಕಿತ್ತಳೆ ಅಂಚು ಮಣ್ಣು ಬಣ್ಣಕ್ಕೆ ತಿರುಗಿರುತ್ತದೆ, ಕೆಂಪು ಕಿವಿರು ಕಪ್ಪಾಗಿರುತ್ತದೆ. ಮನೆಗೆ ಬಂದು ಮೊಬೈಲಿನಲ್ಲಿ ಬಣ್ಣ ಏರಿಸಿದರೆ ಹೋದದ್ದು ಬರುವುದಿಲ್ಲ, ಇಲ್ಲದ್ದು ಬರುತ್ತದೆ. ಇದರ ತದ್ವಿರುದ್ಧದ ತೊಂದರೆಯೂ ಇದೆ. ಫ್ಲ್ಯಾಷ್ ಜೋರಾದರೆ ಬಿಳಿ ಅಂಚು ಸುಟ್ಟುಹೋಗಿ ಅದರ ಪಕ್ಕದ ತೆಳು ನೀಲಿ ಗೆರೆಯೂ ಅದರಲ್ಲೇ ಕರಗಿಹೋಗುತ್ತದೆ. ಒಂದೇ ಕೋನದಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡಿ ಎರಡು ಮೂರು ತೆಗೆದಿಟ್ಟುಕೊಂಡರೆ ಒಳ್ಳೆಯದು.

ಅಂಗಾಲಿನ ಫೋಟೊ ಬೇಕಾಗುವ ಗುಂಪೊಂದಿದೆ, ಮುಂದೆ ಬರುತ್ತದೆ. ಅದಕ್ಕಾಗಿ ಪ್ರಾಣಿಯನ್ನು ಮಗುಚಬೇಡಿ. ಬಂಡೆಯ ಏಣು ದಾಟುವಾಗ ಅದೇ ಅಂಚು ಎತ್ತುತ್ತದೆ, ಆಗ ಕಾಯ್ದು ತೆಗೆಯಿರಿ. ಸ್ಕೂಬಾ ಬಾರದವರೂ ಬೇಸರ ಪಡಬೇಕಿಲ್ಲ. ಉತ್ತರ ಕನ್ನಡದ ಕಲ್ಲುಬಂಡೆಯ ಕಡಲತೀರಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನದ ದೊಡ್ಡ ಇಳಿತದ ಹೊತ್ತಿಗೆ ಕಲ್ಲುಗಳ ನಡುವಿನ ನೀರಿನ ಗುಂಡಿ ನೋಡಿದರೂ ಸ್ಲಗ್ ಸಿಗುತ್ತವೆ. ಕ್ಯಾಲೆಂಡರ್ ನೋಡಿ ಹೊರಡಿ. ಮಳೆಗಾಲದಲ್ಲಿ ಬೇಡ: ನೇತ್ರಾಣಿ ಸ್ಕೂಬಾ ಆಗ ನಿಂತಿರುತ್ತದೆ, ಬಂಡೆಗಳ ಮೇಲೆ ಅಲೆಯೂ ಅಪಾಯದ್ದೇ.

ಹಂತ 2: ಇದು ಸ್ಲಗ್ಗೇ ಹೌದಾ?

ತಮಾಷೆ ಪ್ರಶ್ನೆಯಲ್ಲ. ಫಿಲಿಡಿಯೆಲ್ಲಾ ಪಸ್ಟ್ಯುಲೋಸಾ ಎನ್ನುವ ಕಪ್ಪು ಮೈಯ, ಗುಲಾಬಿ ಗುಬುಟಿನ ಸ್ಲಗ್ ಒಂದಿದೆ. ಅದನ್ನೇ ಅಚ್ಚು ಹೊಡೆದ ಹಾಗಿರುವ ಚಪ್ಪಟೆ ಹುಳುವೊಂದಕ್ಕೆ 1994ರಲ್ಲಿ ಸೂಡೋಸೆರೋಸ್ ಇಮಿಟೇಟಸ್ ಎಂದು ಹೆಸರಿಟ್ಟರು. ಫಿಲಿಡಿಯಾ ವೆರಿಕೋಸಾ ಎನ್ನುವ ಇನ್ನೊಂದರ ವೇಷವನ್ನು ಪಿಯರ್ಸೊನೊಥೂರಿಯಾ ಗ್ರೇಫಿ ಎಂಬ ಕಡಲ ಸೌತೆಯ (ಸೀ ಕುಕುಂಬರ್ ಎನ್ನುವ ಪ್ರಾಣಿ) ಮರಿ ಹಾಕುತ್ತದೆ. ದೊಡ್ಡದಾದ ಮೇಲೆ ಅದರ ರೂಪವೇ ಬೇರೆ. ಈ ವೇಷಕ್ಕೆ ಕಾರಣವಿದೆ. ಫಿಲಿಡಿಯಾಗಳು ತಿನ್ನುವ ಸ್ಪಂಜಿನಿಂದ ವಿಷ ಪಡೆದು ಮೈಯಲ್ಲಿ ಇಟ್ಟುಕೊಳ್ಳುತ್ತವೆ. ವೆರಿಕೋಸಾ ಬಿಡುವ ಲೋಳೆ ಅಕ್ವೇರಿಯಮ್ಮಿನ ಮೀನು, ಸಿಗಡಿಗಳನ್ನು ಕೊಲ್ಲುತ್ತದೆ ಎನ್ನುವುದು 1963ರಲ್ಲೇ ವರದಿಯಾಗಿದೆ. ಅಂಥವರ ಬಟ್ಟೆ ತೊಟ್ಟರೆ ಮೀನು ಬಾಯಿ ಹಾಕುವುದಿಲ್ಲ.

ಬೇರ್ಪಡಿಸುವುದು ಕಷ್ಟವಿಲ್ಲ. ಚಪ್ಪಟೆ ಹುಳುವಿನ ಅಂಚು ಕಾಗದದಷ್ಟು ತೆಳು, ನಡೆಯುವಾಗ ಅಲೆಅಲೆಯಾಗಿ ಮಡಚುತ್ತದೆ. ಅದಕ್ಕೆ ನಿಜವಾದ ಕೊಂಬಿಲ್ಲ, ಮುಂದಿನ ಅಂಚೇ ಎರಡು ಕಡೆ ಮಡಚಿ ಎದ್ದು ಕೊಂಬಿನಂತೆ ಕಾಣುತ್ತದೆ. ಸ್ಲಗ್ಗಿನ ಕೊಂಬು ಬೆನ್ನಿನ ಮೇಲೆ, ಅಂಚಿನಿಂದ ಸ್ವಲ್ಪ ಒಳಗೆ, ತನ್ನದೇ ಗುಂಡಿಯಿಂದ ಮೇಲೇಳುತ್ತದೆ. ಹೆಚ್ಚಿನವುಗಳಲ್ಲಿ ಅದರ ಮೇಲೆ ಅಡ್ಡ ಪದರಗಳಿರುತ್ತವೆ. ಕಡಲ ಸೌತೆಯ ಮರಿಗೆ ಕೊಂಬೇ ಇಲ್ಲ, ಅಡಿಯಲ್ಲಿ ಸಾಲು ಸಾಲು ಕೊಳವೆ ಪಾದಗಳಿರುತ್ತವೆ. ಕೊಂಬು ಕಾಣದ ಫೋಟೊ ಬಂದರೆ ನಾನು ಮುಂದಿನ ಹಂತಕ್ಕೇ ಹೋಗುವುದಿಲ್ಲ.

ಹಂತ 3: ಕಿವಿರು ಎಲ್ಲಿದೆ?

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ. ಬಣ್ಣ ಮರೆತು, ಫೋಟೊವನ್ನು ಬೇಕಾದರೆ ಕಪ್ಪು ಬಿಳುಪು ಮಾಡಿಕೊಂಡು ಕಿವಿರನ್ನು ಹುಡುಕಿ.

ಬೆನ್ನಿನ ಹಿಂಭಾಗದಲ್ಲಿ ವೃತ್ತಾಕಾರದ ಗೊಂಚಲು ಕಂಡರೆ ಅದು ಡೋರಿಡ್ ಗುಂಪು. ಇದರೊಳಗೆ ಎರಡು ಬಗೆ. ಕ್ರೋಮೋಡೋರಿಸ್, ಗೋನಿಯೋಬ್ರಾಂಕಸ್, ಹೈಪ್ಸೆಲೊಡೋರಿಸ್ ಮುಂತಾದ ಕುಲಗಳವು (ಹೆಸರಿನ ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು) ಹೆದರಿದಾಗ ಕಿವಿರನ್ನು ಪೂರ್ತಿ ಒಳಗೆ ಎಳೆದುಕೊಳ್ಳುತ್ತವೆ. ನೆಂಬ್ರೋಥಾ ಥರದವಕ್ಕೆ ಹಾಗೆ ಬಚ್ಚಿಟ್ಟುಕೊಳ್ಳಲು ಕಿಸೆಯಿಲ್ಲ, ಕುಗ್ಗಿಸಿಕೊಳ್ಳುತ್ತವೆ ಅಷ್ಟೇ. ಆದ್ದರಿಂದ ಕಿವಿರು ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದು ಬರೆಯಬೇಡಿ. ಹಿಂಭಾಗದಲ್ಲಿ ಮುಚ್ಚಿಕೊಂಡ ಗುಂಡಿಯ ಗುರುತು ಇದೆಯೇ ನೋಡಿ.

ಬೆನ್ನು ಗುಬುಟು ಗುಬುಟಾಗಿದ್ದು, ಗೊಂಚಲೂ ಇಲ್ಲ, ಗುಂಡಿಯೂ ಇಲ್ಲ ಎಂದರೆ ಫಿಲಿಡಿಡೇ ಕುಟುಂಬ. ಇವುಗಳ ಕಿವಿರು ಮೇಲುಹೊದಿಕೆಯ ಅಡಿಯಲ್ಲಿ, ಪಾದದ ಎರಡೂ ಬದಿ ಸಾಲಾಗಿ ಇರುತ್ತದೆ. ಮುಟ್ಟಿದರೆ ಗಟ್ಟಿ, ಮುಟ್ಟಬಾರದು ಅದು ಬೇರೆ ಮಾತು.

ಬೆನ್ನ ತುಂಬ ಬೆರಳು ಬೆರಳಾಗಿ ಎದ್ದಿದ್ದರೆ ಅವು ಸೆರಾಟ, ಪ್ರಾಣಿ ಇಯೋಲಿಡ್ ಗುಂಪಿನದು. ಇವುಗಳಲ್ಲಿ ಹಲವು ಹೈಡ್ರಾಯ್ಡ್ ತಿಂದು ಅದರ ಕುಟುಕುವ ಕೋಶಗಳನ್ನು ಜೀರ್ಣಿಸದೆ ಸೆರಾಟದ ತುದಿಯಲ್ಲಿ ಕೂಡಿಡುತ್ತವೆ. ಎಲೆಯಂತೆ ಹರಡಿದ ಹಸಿರು ಮೈ, ಅಂಚಿಗೆ ಕಿತ್ತಳೆ ಮತ್ತು ಕಪ್ಪು ಗೆರೆ ಕಂಡರೆ ಅದು ನ್ಯೂಡಿಬ್ರಾಂಕೇ ಅಲ್ಲ. ಸ್ಯಾಕೊಗ್ಲಾಸಾ ಗುಂಪಿನ ಎಲೀಸಿಯಾ. ಪಾಚಿಯ ರಸ ಹೀರಿ ಅದರ ಹರಿತ್ತನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಎಲೀಸಿಯಾ ಆರ್ನೇಟಾ, ಎಲೀಸಿಯಾ ಗ್ರಾಂಡಿಫೋಲಿಯಾ ಎಂಬ ಎರಡು ಹೆಸರು ನಮ್ಮ ಕರಾವಳಿಯ ಫೋಟೊಗಳಿಗೆ ಅಂಟುತ್ತಿರುತ್ತವೆ. ಫೋಟೊ ನೋಡಿ ಇವೆರಡನ್ನು ಬೇರ್ಪಡಿಸುವ ಜಗಳಕ್ಕೆ ನಾನು ಕೂರುವುದಿಲ್ಲ, ‘ಆರ್ನೇಟಾ ಗುಂಪು’ ಎಂದು ಬರೆದು ಮುಂದಕ್ಕೆ ಹೋಗುತ್ತೇನೆ.

ಹಂತ 4: ಅಂಚನ್ನು ಹೊರಗಿನಿಂದ ಒಳಕ್ಕೆ ಓದಿ

ಡೋರಿಡ್‌ಗಳಲ್ಲಿ ಬಣ್ಣ ನೋಡಲೇಬೇಕಾದಾಗ ಮೈಯ ನಡುವಿನಿಂದ ಶುರುಮಾಡಬೇಡಿ. ಸೀರೆಗೆ ಒಡಲಿಗಿಂತ ಅಂಚು ನೋಡಿ ಯಾವ ಊರಿನದು ಎಂದು ನಮ್ಮ ಹೆಂಗಸರು ಹೇಳುತ್ತಾರಲ್ಲ, ಇಲ್ಲೂ ಹಾಗೇ. ಮೇಲುಹೊದಿಕೆಯ ಕಟ್ಟಕಡೆಯ ಹೊರಗೆರೆ ಯಾವ ಬಣ್ಣ, ಅದರ ಒಳಗಿನದು ಯಾವುದು, ಅದರೊಳಗೆ ಯಾವುದು ಎಂದು ಕಾಗದದ ಮೇಲೆ ಸಾಲಾಗಿ ಬರೆದುಕೊಳ್ಳಿ. ಬರೆಯಬೇಕು, ‘ಕಣ್ಣಲ್ಲೇ ನೋಡಿದೆ’ ಅನ್ನುವವರು ಕ್ರಮ ತಪ್ಪಿಸುತ್ತಾರೆ.

ಗೋನಿಯೋಬ್ರಾಂಕಸ್ ಜೆಮಿನಸ್ ಮತ್ತು ಗೋನಿಯೋಬ್ರಾಂಕಸ್ ಕುನಿಯೈ ಈ ವಿಧಾನಕ್ಕೆ ಒಳ್ಳೆಯ ಜೋಡಿ. ಎರಡಕ್ಕೂ ಹೊನ್ನಿನ ಬಣ್ಣದ ಬೆನ್ನು, ಅದರ ಮೇಲೆ ತಿಳಿ ಉಂಗುರವಿರುವ ನೇರಳೆ ಚುಕ್ಕೆ. ನಡೆಯುವಾಗ ಎರಡೂ ಮೇಲುಹೊದಿಕೆಯ ಅಂಚನ್ನು ಎತ್ತಿ ಇಳಿಸುತ್ತವೆ. ನಡುವಿನಿಂದ ನೋಡಿದವನಿಗೆ ಎರಡೂ ಒಂದೇ. ಅಂಚಿಗೆ ಬನ್ನಿ: ಜೆಮಿನಸ್ಸಿನ ಕಟ್ಟಕಡೆಯ ಗೆರೆ ಬಿಳಿ, ಕುನಿಯೈದು ನೇರಳೆ ನೀಲಿಯಲ್ಲಿ ಮುಗಿಯುತ್ತದೆ. ಜೆಮಿನಸ್ ಹಿಂದೂ ಮಹಾಸಾಗರದ್ದು, ಶ್ರೀಲಂಕಾ, ಮಾಲ್ಡೀವ್ಸ್, ಕೆಂಪು ಸಮುದ್ರದಲ್ಲೆಲ್ಲ ಇದೆ. ಕುನಿಯೈ ಪಶ್ಚಿಮ ಪೆಸಿಫಿಕ್ಕಿನದು. ಮಾಲ್ಡೀವ್ಸ್ ರಜೆಯ ಆಲ್ಬಮ್ಮುಗಳಲ್ಲಿ ಕುನಿಯೈ ಎಂದು ಬರೆದದ್ದು ಕಂಡರೆ ಅಂಚನ್ನು ಇನ್ನೊಮ್ಮೆ ನೋಡಲು ಹೇಳಿ.

ಹಳೆಯ ಪುಸ್ತಕ ಹಿಡಿದು ಹುಡುಕುವವರಿಗೆ ಇಲ್ಲೊಂದು ತೊಡಕಿದೆ. ಈ ಎರಡನ್ನೂ ಅವುಗಳಲ್ಲಿ ಕ್ರೋಮೋಡೋರಿಸ್ ಕುಲದಡಿ ಹಾಕಿರುತ್ತಾರೆ. 2012ರಲ್ಲಿ ಡಿಎನ್‌ಎ ಆಧಾರದ ಮೇಲೆ ಇಡೀ ಕುಟುಂಬದ ಕುಲಗಳನ್ನು ಮರುವಿಂಗಡಿಸಿದರು. ಚುಕ್ಕೆಯ ಅನೇಕ ಪ್ರಭೇದಗಳು ಗೋನಿಯೋಬ್ರಾಂಕಸ್ಸಿಗೆ ಹೋದವು, ರಿಸ್ಬೇಸಿಯಾ ಎನ್ನುವ ಕುಲ ಹೈಪ್ಸೆಲೊಡೋರಿಸ್ಸಿನೊಳಗೆ ಸೇರಿತು. ಹೆಸರು ಸಿಕ್ಕ ಮೇಲೆ ಈಗ ಚಾಲ್ತಿಯಲ್ಲಿರುವುದು ಅದೇ ಹೌದೇ ಎಂದು ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಶೀಸ್ ಜಾಲತಾಣದಲ್ಲಿ ಒಮ್ಮೆ ತಾಳೆ ನೋಡಿ. ಒಂದು ನಿಮಿಷದ ಕೆಲಸ.

ಹಂತ 5: ಕೊಂಬು, ಕಿವಿರಿನ ಬಣ್ಣ

ಅಂಚು ಉತ್ತರ ಕೊಡದಿದ್ದಾಗ ಇಲ್ಲಿಗೆ ಬನ್ನಿ. ನೀಲಿ ಬಿಳಿ ಮೈ, ಉದ್ದಕ್ಕೂ ಕಪ್ಪು ಗೆರೆ, ಅಂಚಿನಲ್ಲಿ ಕಿತ್ತಳೆಯೇ ಇಲ್ಲ. ಇಂಥ ಮೂರು ಕ್ರೋಮೋಡೋರಿಸ್‌ಗಳು ಫೋಟೊ ನೋಡುವವರನ್ನು ಗೋಳಾಡಿಸುತ್ತವೆ: ಲೋಕಿ, ವಿಲಾನಿ, ಡಯಾನೆ. ಮೈಯನ್ನು ಕೈಯಲ್ಲಿ ಮುಚ್ಚಿಬಿಡಿ. ಕೊಂಬು ಕಿವಿರು ಎರಡೂ ಒಂದೇ ಬಣ್ಣ, ತೆಳು ಗುಲಾಬಿ ಅಥವಾ ಹುಲ್ಲಿನ ಬಣ್ಣ, ಬೆಳಕು ಹಾಯುವಂತಿದೆ, ಯಾವ ಚುಕ್ಕೆಯೂ ಇಲ್ಲ ಎಂದರೆ ಲೋಕಿ. ಅವುಗಳ ಮೇಲೆ ಸುಣ್ಣ ಸಿಡಿದಂಥ ಬಿಳಿ ಚುಕ್ಕೆಗಳಿದ್ದರೆ ವಿಲಾನಿ. ಹಳದಿ ಅಥವಾ ಕಿತ್ತಳೆಗೆ ಹೊರಳಿದ್ದರೆ ಡಯಾನೆ. ಲೋಕಿ ಮತ್ತು ವಿಲಾನಿಗೆ 1982ರಲ್ಲಿ ಹೆಸರು ಬಂತು, ಡಯಾನೆಗೆ 1998ರಲ್ಲಿ. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಡಯಾನೆಯನ್ನು ಹುಡುಕಿ ಪ್ರಯೋಜನವಿಲ್ಲ.

ಇನ್ನು ಕಿತ್ತಳೆ ಅಂಚಿರುವ ನೀಲಿಗಳು. ಕ್ರೋಮೋಡೋರಿಸ್ ಆನೆ (annae, ನಮ್ಮ ಕಾಡಿನ ಆನೆಯಲ್ಲ) ಮತ್ತು ಎಲಿಸಬೆತಿನಾ ಎರಡಕ್ಕೂ 1877ರಲ್ಲೇ ಹೆಸರಿಟ್ಟದ್ದು, ಅಂದಿನಿಂದ ಇಂದಿನವರೆಗೂ ಜನ ಅದಲುಬದಲು ಮಾಡುತ್ತಲೇ ಇದ್ದಾರೆ. ಇಲ್ಲಿ ಫೋಟೊವನ್ನು ಪೂರ್ತಿ ಹಿಗ್ಗಿಸಬೇಕು. ಆನೆಯ ನೀಲಿ ಭಾಗದ ತುಂಬ ಸೂಜಿ ಚುಚ್ಚಿದಷ್ಟು ಸಣ್ಣ ಕಪ್ಪು ಚುಕ್ಕೆಗಳು ಹರಡಿರುತ್ತವೆ. ಬೆನ್ನಿನ ನಡುವಿನ ಕಪ್ಪು ಗೆರೆ ಇದ್ದರೂ ಸಾಮಾನ್ಯವಾಗಿ ಮುಂದೆ ಸ್ವಲ್ಪ ದೂರ ಬಂದು ನಿಲ್ಲುತ್ತದೆ. ಎಲಿಸಬೆತಿನಾದ ನೀಲಿಯಲ್ಲಿ ಆ ಚುಚ್ಚು ಚುಕ್ಕೆಗಳಿಲ್ಲ, ಉದ್ದುದ್ದ ತೆಳು ಗೆರೆಗಳಿರುತ್ತವೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ಕುಗ್ಗಿ ಈ ಚುಕ್ಕೆಗಳು ನೀಲಿಯಲ್ಲೇ ಬೆರೆತುಹೋಗಿರುತ್ತವೆ. ‘ಸರ್, ಇದು ಯಾವುದು?’ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಯಾವಾಗಲೂ ಒಂದೇ: ಡಾಕ್ಯುಮೆಂಟ್ ಮಾಡಿ ಕಳಿಸಪ್ಪ.

ಇಷ್ಟೆಲ್ಲ ಹೇಳಿ ಒಂದು ತಣ್ಣೀರನ್ನೂ ಎರಚಬೇಕು. ಇಂಡೋ ಪೆಸಿಫಿಕ್ಕಿನ ಕ್ರೋಮೋಡೋರಿಸ್‌ಗಳ ಡಿಎನ್‌ಎ ನೋಡಿದ 2018ರ ಅಧ್ಯಯನವೊಂದು, ಈ ಕುಲದಲ್ಲಿ ಬಣ್ಣದ ವಿನ್ಯಾಸ ಸ್ಥಿರವಲ್ಲ ಎಂದು ತೋರಿಸಿತು. ಒಂದೇ ಪ್ರಭೇದದೊಳಗೆ ಬೇರೆ ಬೇರೆ ವಿನ್ಯಾಸ ಇರಬಹುದು, ಬೇರೆ ಬೇರೆ ಪ್ರಭೇದಗಳು ಒಂದೇ ವಿನ್ಯಾಸ ತೊಟ್ಟಿರಬಹುದು. ಕಹಿ ಮೈಯವರೆಲ್ಲ ಒಂದೇ ಬಗೆಯ ಬಟ್ಟೆ ತೊಟ್ಟರೆ ಮೀನಿಗೆ ಒಂದೇ ಸಲ ಪಾಠ ಕಲಿತರೆ ಸಾಕು, ಎಲ್ಲರಿಗೂ ಲಾಭ. ಅದೇ ವರ್ಷ ಹೈಪ್ಸೆಲೊಡೋರಿಸ್ ಕುಲಕ್ಕೆ 17 ಹೊಸ ಪ್ರಭೇದ ಸೇರಿಸಿದ ಇನ್ನೊಂದು ಅಧ್ಯಯನದಲ್ಲಿ ಹೈಪ್ಸೆಲೊಡೋರಿಸ್ ಇಬಾ ಎಂಬುದಕ್ಕೆ ಎರಡು ಬಣ್ಣ ಕಂಡುಬಂತು, ಅದರಲ್ಲೊಂದು ಅದೇ ನೀರಿನ ಹೈಪ್ಸೆಲೊಡೋರಿಸ್ ಬುಲೋಕಿ ಎಂಬ ಇನ್ನೊಂದು ಪ್ರಭೇದವನ್ನು ಹೋಲುತ್ತದೆ. ಅಂದರೆ ಫೋಟೊದಿಂದ ನಾವು ಕೊಡುವುದು ಸಂಭವನೀಯ ಹೆಸರು. ಇದು ಗೊತ್ತಿದ್ದೂ ಗುರುತಿಸುವುದರಲ್ಲಿ ಅರ್ಥವಿದೆ. ಏನು ಕಂಡಿತು ಎನ್ನುವುದನ್ನು ಬಿಡಿಸಿ ಬರೆದಿಟ್ಟರೆ ಹೆಸರು ನಾಳೆ ಬದಲಾದರೂ ದಾಖಲೆ ಉಳಿಯುತ್ತದೆ.

ಬುಲೋಕಿ ಮಾತು ಬಂತು, ಅದರ ಜೋಡಿಯನ್ನೂ ಹೇಳಿಬಿಡುತ್ತೇನೆ. ಹೈಪ್ಸೆಲೊಡೋರಿಸ್ ಅಪೊಲೆಗ್ಮಾ 2001ರವರೆಗೆ ಬುಲೋಕಿಯ ಲೆಕ್ಕದಲ್ಲೇ ಇತ್ತು. ಎರಡಕ್ಕೂ ನೇರಳೆ ಗುಲಾಬಿ ಮೈ, ಬಿಳಿ ಅಂಚು. ಬುಲೋಕಿಯ ಬಿಳಿ ಗೆರೆ ತೆಳು, ಎಳೆದು ಬಿಟ್ಟ ಹಾಗೆ ನೇರ. ಅಪೊಲೆಗ್ಮಾದ ಬಿಳಿ ಒಳಮುಖವಾಗಿ ಚೂರು ಚೂರಾಗಿ ಒಡೆದು ನೇರಳೆಯಲ್ಲಿ ಸೇರಿಕೊಳ್ಳುತ್ತದೆ.

ಹಂತ 6: ಗುಬುಟು ಬೆನ್ನಿನವರ ಅಂಗಾಲು

ಹೊಸಬರು ಅಭ್ಯಾಸಕ್ಕೆ ಆರಿಸಬೇಕಾದ ಕುಟುಂಬ ಫಿಲಿಡಿಡೇ. ನಿಧಾನಕ್ಕೆ ನಡೆಯುತ್ತವೆ, ಹಗಲಲ್ಲೇ ಬಯಲಿಗೆ ಬಂದು ಕೂರುತ್ತವೆ, ಫೋಟೊಗೆ ಸಹಕರಿಸುತ್ತವೆ.

ಮೊದಲು ಕೊಂಬಿನ ಬಣ್ಣ. ಹಳದಿ ಕೊಂಬು, ಗುಬುಟಿನ ತುದಿಯೂ ಹಳದಿ, ನಡುನಡುವೆ ನೀಲಿ ಬೂದು ಏಣುಗಳು: ಫಿಲಿಡಿಯಾ ಕುಲ. ವೆರಿಕೋಸಾ ಮತ್ತು ಸೀಲೆಸ್ಟಿಸ್ ಇಲ್ಲಿಯ ಅವಳಿಗಳು. ಬೆನ್ನು ನೋಡಿ ವಾದ ಮಾಡಬಹುದು, ಅಂಗಾಲು ನೋಡಿದರೆ ವಾದ ಮುಗಿಯುತ್ತದೆ: ವೆರಿಕೋಸಾದ ಅಂಗಾಲಿನ ನಡುವೆ ಉದ್ದಕ್ಕೆ ಕಪ್ಪು ಗೆರೆ ಇರುತ್ತದೆ, ಸೀಲೆಸ್ಟಿಸ್ಸಿಗೆ ಇಲ್ಲ. ಮೊದಲ ಹಂತದಲ್ಲಿ ಏಣು ದಾಟುವಾಗ ಕಾಯ್ದು ತೆಗೆಯಿರಿ ಎಂದದ್ದು ಇದಕ್ಕೇ. ಫಿಲಿಡಿಯಾ ಓಸೆಲೇಟಾಗೆ ಈ ಗೊಂದಲವಿಲ್ಲ. ಚಿನ್ನದ ಹಳದಿ ಮೈ, ಕಪ್ಪು ಉಂಗುರದೊಳಗೆ ಗುಬುಟು.

ಕೊಂಬು ಪೂರ್ತಿ ಕಪ್ಪು, ಕಪ್ಪು ಮೈಮೇಲೆ ಗುಲಾಬಿ ಅಥವಾ ಹಸಿರು ಛಾಯೆಯ ಗುಬುಟು: ಫಿಲಿಡಿಯೆಲ್ಲಾ. ಗುಬುಟುಗಳು ಗುಂಪು ಗುಂಪಾಗಿ ಕೂಡಿಕೊಂಡಿದ್ದರೆ ಪಸ್ಟ್ಯುಲೋಸಾ ಕಡೆ ಹೋಗಿ, ಒಂದೊಂದೇ ಬಿಡಿಬಿಡಿಯಾಗಿ ಗುಂಡಗಿದ್ದರೆ ನೈಗ್ರಾ ಕಡೆ, ಗುಬುಟುಗಳೇ ಕೂಡಿ ಉದ್ದುದ್ದ ಗುಲಾಬಿ ಏಣುಗಳಾಗಿದ್ದರೆ ಜೈಲಾನಿಕಾ ಕಡೆ. ಕೊನೆಯದನ್ನು 1859ರಲ್ಲಿ ಸಿಲೋನಿನಿಂದ ವಿವರಿಸಿದ್ದು, ನಮ್ಮ ನೀರಿಗೆ ಹತ್ತಿರದ್ದು. ‘ಕಡೆ ಹೋಗಿ’ ಎಂದು ಬೇಕೆಂದೇ ಬರೆದೆ. ಪಸ್ಟ್ಯುಲೋಸಾ ಎಂದು ಕರೆಯುತ್ತಿರುವುದು ಒಂದೇ ಪ್ರಭೇದವಲ್ಲ, ಹಲವು ಪ್ರಭೇದಗಳ ಗುಂಪು ಎನ್ನುವುದು ಡಿಎನ್‌ಎಯಿಂದ ಸ್ಪಷ್ಟವಾಗಿದೆ.

ಕೊಂಬಿನ ತುದಿ ಕಪ್ಪು, ಬುಡ ಗುಲಾಬಿ ಇದ್ದರೆ ನಿಲ್ಲಿ. ಅದು ಫಿಲಿಡಿಯಾಪ್ಸಿಸ್ ಕ್ರೆಂಫಿ ಅಥವಾ ಅದರ ಹತ್ತಿರದ್ದು. ಬೆನ್ನು ಮಾತ್ರ ನೋಡಿದರೆ ಪಸ್ಟ್ಯುಲೋಸಾ ಎಂದು ಆಣೆ ಮಾಡಿ ಹೇಳುವಷ್ಟು ಹೋಲಿಕೆ.

ಹಂತ 7: ಪಾದದ ಅಂಚು ಮತ್ತು ಬೇರೆ ಚಿಲ್ಲರೆ ಜೋಡಿಗಳು

ಕಪ್ಪು ಮೈ, ಎದ್ದು ಕಾಣುವ ಹಸಿರು ಗುಬುಟು: ನೆಂಬ್ರೋಥಾ ಕುಬರ್ಯಾನಾ ಅಥವಾ ನೆಂಬ್ರೋಥಾ ಕ್ರಿಸ್ಟೇಟಾ. ಪಕ್ಕದಿಂದ ತೆಗೆದ ಫೋಟೊ ತೆರೆಯಿರಿ. ಪಾದದ ಅಂಚಿಗೆ ಕಿತ್ತಳೆ ಕೆಂಪು ಪಟ್ಟಿ ಇದ್ದರೆ ಕುಬರ್ಯಾನಾ, ಹಾಗಿಲ್ಲದೆ ಹಸಿರೇ ಇದ್ದರೆ ಕ್ರಿಸ್ಟೇಟಾ. ಮೇಲಿಂದ ಮಾತ್ರ ತೆಗೆದಿದ್ದರೆ ಎರಡರಲ್ಲಿ ಒಂದು ಎಂದು ಬರೆಯಿರಿ.

ಬಂಡೆಯಡಿಯ ಕಪ್ಪು ಡೆಂಡ್ರೊಡೋರಿಸ್‌ಗಳಲ್ಲಿ ಕಿವಿರು ಎಣಿಸಬೇಕು. ದೊಡ್ಡದಾಗಿ ಹರಡಿದ, ಬಹುತೇಕ ಐದೇ ಕಿವಿರು ಇದ್ದರೆ ಫ್ಯುಮಾಟಾ. ಸಣ್ಣ ಸಣ್ಣವು, ಹೆಚ್ಚು ಇದ್ದರೆ ನೈಗ್ರಾ. ಬಣ್ಣ ಇಲ್ಲಿ ಪೂರಾ ಮೋಸ, ಮರಿಗಳು ಕೆಂಪೂ ಇರಬಹುದು.

ಉದ್ದ ನೀಲಿ ನೇರಳೆ ಇಯೋಲಿಡ್ ಕಂಡರೆ ಹಳೆಯ ಪುಸ್ತಕಗಳೆಲ್ಲ ಟೆರಿಯೋಲಿಡಿಯಾ ಅಯಾಂಥಿನಾ ಎನ್ನುತ್ತವೆ. ಆ ಹೆಸರು ಈಗ ಪೂರ್ವ ಆಸ್ಟ್ರೇಲಿಯಾದ್ದಕ್ಕೆ ಉಳಿದಿದೆ, ಉಷ್ಣವಲಯದ್ದನ್ನು ಸೆಂಪೆರಿ ಎಂದು ಬರೆಯಿರಿ.

ಕಡಲತೀರಕ್ಕೆ ತೇಲಿಬಂದು ಬೀಳುವ ನೀಲಿ ಬೆಳ್ಳಿ ಬಣ್ಣದ ಗ್ಲಾಕಸ್ ಮಾತ್ರ ಬೇರೆಯೇ ಲೆಕ್ಕ. ಅದು ನೆಲದ ಮೇಲೆ ನಡೆಯುವುದಿಲ್ಲ, ನೀರಿನ ಮೇಲೆ ಅಂಗಾತ ತೇಲುತ್ತದೆ. ಬೆರಳುಗಳು ಒಂದೇ ಸಾಲಾಗಿದ್ದರೆ ಗ್ಲಾಕಸ್ ಅಟ್ಲಾಂಟಿಕಸ್. ಒಂದರ ಮೇಲೊಂದು ಹಲವು ಸಾಲಿದ್ದರೆ ಗ್ಲಾಕಸ್ ಮಾರ್ಜಿನೇಟಸ್ ಗುಂಪು. ಪೋರ್ಚುಗೀಸ್ ಮ್ಯಾನ್ ಓ ವಾರ್ ಎನ್ನುವ ಕುಟುಕುವ ಪ್ರಾಣಿಯನ್ನು ತಿಂದು ಅದರ ಕುಟುಕು ಕೋಶಗಳನ್ನೇ ತನ್ನ ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತದೆ. ಮಕ್ಕಳು ಅಂಗೈ ಮೇಲೆ ಇಟ್ಟು ಫೋಟೊ ತೆಗೆಸಿಕೊಳ್ಳಲು ಬಿಡಬೇಡಿ, ಸತ್ತಂತೆ ಕಂಡರೂ ಕುಟುಕುತ್ತದೆ.

ಹಂತ 8: ಎಲ್ಲಿ ತೆಗೆದದ್ದು?

ಅಂಗಗಳನ್ನು ನೋಡಿ ಎರಡು ಮೂರು ಹೆಸರಿಗೆ ಇಳಿದ ಮೇಲೆಯೇ ಊರಿನ ಪ್ರಶ್ನೆ ಕೇಳಿ. ಮೊದಲೇ ಕೇಳಿದರೆ ಪಟ್ಟಿಯಲ್ಲಿ ಇದ್ದದ್ದನ್ನೇ ಪ್ರಾಣಿಯ ಮೇಲೆ ಹೇರುತ್ತೇವೆ. ಅರಬ್ಬೀ ಸಮುದ್ರ, ಲಕ್ಷದ್ವೀಪ, ಮಾಲ್ಡೀವ್ಸ್‌ಗಳಿಗೆ ಪಶ್ಚಿಮ ಹಿಂದೂ ಮಹಾಸಾಗರದ ನಂಟು ಹೆಚ್ಚು. ಅಂಡಮಾನಿನಲ್ಲಿ ಇಂಡೋನೇಷ್ಯಾ ಕಡೆಯ ಪ್ರಾಣಿಗಳ ನೆಂಟಸ್ತಿಕೆ ಕಾಣುತ್ತದೆ. ಕಿತ್ತಳೆ ಪಟ್ಟಿ, ಬಿಳಿ ಅಂಚು, ಕಪ್ಪು ನೀಲಿ ಗೆರೆಯ ಕ್ರೋಮೋಡೋರಿಸ್ ಒಂದರ ಫೋಟೊ ಕೆಂಪು ಸಮುದ್ರದ್ದೋ ಆಫ್ರಿಕಾ ತೀರದ್ದೋ ಆಗಿದ್ದರೆ ಕ್ವಾಡ್ರಿಕಲರ್ ಮುಂದೆ ನಿಲ್ಲುತ್ತದೆ, ಫಿಲಿಪ್ಪೀನ್ಸಿನದಾದರೆ ಮ್ಯಾಗ್ನಿಫಿಕಾ. ನಡುವಿನ ನೀರಿನದಾದರೆ ಎರಡನ್ನೂ ಬರೆದಿಡಿ.

ದೊಡ್ಡ ದೊಡ್ಡ ಬಣ್ಣದ ಪುಸ್ತಕಗಳೆಲ್ಲ ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಆಸ್ಟ್ರೇಲಿಯಾದವು. ಅವನ್ನೇ ನಂಬಿ ಕೂತರೆ ನಮ್ಮವು ಕಣ್ಣಿಗೇ ಬೀಳುವುದಿಲ್ಲ. ಗೋನಿಯೋಬ್ರಾಂಕಸ್ ಬಾಂಬಯಾನಸ್ ಮತ್ತು ಟ್ರೈಮಾರ್ಜಿನೇಟಸ್ 1946ರಲ್ಲಿ ವಿವರಿಸಿದವು, ಮೊದಲನೆಯದಕ್ಕೆ ಬಾಂಬೆಯ ಹೆಸರೇ ಇದೆ. 1999ರಲ್ಲಿ ದಕ್ಷಿಣ ಭಾರತದಿಂದ ಮಂಡಪಮೆನ್ಸಿಸ್, ನಾಯ್ಕಿ (naiki) ಎಂಬ ಇನ್ನೆರಡು ಬಂದವು. ಮಂಡಪಂ ಕರಾವಳಿಯದೇ ಇನ್ನೊಂದು ಪ್ರಸಿದ್ಧ ಸ್ಲಗ್ ಜೊರುನ್ನಾ ಫ್ಯೂನೆಬ್ರಿಸ್, ಬಿಳಿ ಮೈ, ಕಪ್ಪು ಉಂಗುರ. ಅಲ್ಲಿ ಹಿಡಿದ ಮಾದರಿಗಳಿಂದಲೇ ಜೊರುಮೈಸಿನ್ ಎಂಬ, ಕ್ಯಾನ್ಸರ್ ಕೋಶಗಳ ಮೇಲೆ ಪರಿಣಾಮ ಬೀರುವ ಸಂಯುಕ್ತವನ್ನು 2000ದಲ್ಲಿ ಪ್ರಕಟಿಸಿದರು. ನೇತ್ರಾಣಿಯ ಬಿಳಿ, ಚುಕ್ಕೆಯ ಸ್ಲಗ್ ಕಂಡಾಗ ಆಸ್ಟ್ರೇಲಿಯಾದ ಪುಟ ತಿರುವುವ ಮುಂಚೆ ಈ ಹೆಸರುಗಳನ್ನು ನೋಡಿ.

ಒಂದು ಫೋಟೊ ಹಿಡಿದು ನಡೆದು ನೋಡೋಣ

ಅಂಡಮಾನಿನ ಹ್ಯಾವ್ಲಾಕಿನಿಂದ ಬಂದ ಫೋಟೊ ಎಂದುಕೊಳ್ಳಿ. ಕೊಂಬಿದೆ, ಬೆನ್ನ ಹಿಂಭಾಗದಲ್ಲಿ ಗೊಂಚಲು ಕಿವಿರಿದೆ: ಡೋರಿಡ್. ಅಂಚು ಹೊರಗಿನಿಂದ: ಬಿಳಿ, ಕಿತ್ತಳೆ ಹಳದಿ, ಕಪ್ಪು, ಆಮೇಲೆ ನೀಲಿ. ಇಲ್ಲಿಗೆ ಲೋಕಿ, ವಿಲಾನಿ, ಡಯಾನೆ ಮೂರೂ ಹೊರಗೆ, ಏಕೆಂದರೆ ಅವಕ್ಕೆ ಕಿತ್ತಳೆ ಅಂಚಿಲ್ಲ. ಹಿಗ್ಗಿಸಿದಾಗ ನೀಲಿಯೊಳಗೆ ಸಣ್ಣ ಕಪ್ಪು ಚುಚ್ಚುಗಳು, ನಡುಗೆರೆ ಅರ್ಧಕ್ಕೇ ನಿಂತಿದೆ: ಎಲಿಸಬೆತಿನಾ ಹಿಂದಕ್ಕೆ, ಆನೆ ಮುಂದಕ್ಕೆ. ಊರಿಗೂ ತಾಳೆಯಾಗುತ್ತದೆ. ‘ಕ್ರೋಮೋಡೋರಿಸ್ ಆನೆ, ಫೋಟೊ ಆಧಾರಿತ’ ಎಂದು ಬರೆಯುತ್ತೇನೆ. ಅದೇ ಫೋಟೊ ಮಸುಕಾಗಿದ್ದು ಚುಚ್ಚುಗಳು ಕಾಣದಿದ್ದರೆ ಕ್ರೋಮೋಡೋರಿಸ್ ಎಂದು ಕುಲಕ್ಕೇ ನಿಲ್ಲಿಸುತ್ತೇನೆ. ಗೆಳೆಯರು ಮುಖ ಸಪ್ಪಗೆ ಮಾಡುತ್ತಾರೆ, ಮಾಡಲಿ.

ಹಂತ 9: ದಾಖಲಿಸುವುದು

ಜೀವಿಗಳ ಫೋಟೊ ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟಿಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲಿಗೋ ಹಾಕಿ. ಫೋಟೊ ಏರಿಸಿದ ಕೂಡಲೇ ಐನ್ಯಾಚುರಲಿಸ್ಟ್ ತಾನೇ ಒಂದಷ್ಟು ಹೆಸರು ಸೂಚಿಸುತ್ತದೆ. ಆ ಸೂಚನೆ ನೋಡುವ ಮೊದಲು ನಿಮ್ಮ ಅಂಚಿನ ಪಟ್ಟಿ, ಕೊಂಬು, ಕಿವಿರು ಎಲ್ಲ ಬರೆದು ಮುಗಿಸಿರಿ. ಅದು ಪೆಸಿಫಿಕ್ಕಿನಲ್ಲಿ ಹೆಚ್ಚು ಫೋಟೊ ಇರುವ ಪ್ರಭೇದದ ಕಡೆ ವಾಲುವುದು ಸಹಜ. ಒಮ್ಮೆ ಅದರ ಹೆಸರು ಕಣ್ಣಿಗೆ ಬಿದ್ದ ಮೇಲೆ ಬೇರೆಯದು ಕಾಣುವುದೂ ಕಷ್ಟ.

ಹೋಲುತ್ತದೆ ಆದರೆ ಖಾತ್ರಿಯಿಲ್ಲ ಎನ್ನುವಾಗ ಕುಲದ ಹೆಸರು ಮತ್ತು ಪ್ರಭೇದದ ಹೆಸರಿನ ನಡುವೆ ‘ಸಿಎಫ್.’ ಹಾಕುವುದು ರೂಢಿ. ಕುಲ ಮಾತ್ರ ಗೊತ್ತಿದ್ದರೆ ಅದರ ನಂತರ ‘ಎಸ್‌ಪಿ.’ ಸಾಕು. ತೆಗೆದ ತಾರೀಖು, ಜಾಗ, ಆಳ, ಅಂದಾಜು ಉದ್ದ, ಕೂತಿದ್ದ ಸ್ಪಂಜಿನ ಬಣ್ಣ, ಇಷ್ಟನ್ನು ಅದೇ ದಿನ ಸಂಜೆ ಹೊನ್ನಾವರದಿಂದ ವಾಪಸು ಹೊರಡುವ ಮುಂಚೆ ಬರೆದುಕೊಳ್ಳಿ. ಸಾಗರ ದಾಟುವಷ್ಟರಲ್ಲಿ ಬೆಳಗಿನ ಡೈವಿನದ್ದು ಯಾವುದು, ಮಧ್ಯಾಹ್ನದ್ದು ಯಾವುದು ಎಂದು ಕಲಸಿಹೋಗಿರುತ್ತದೆ. ಒಂದು ಪ್ರಾಣಿಯ ಎಲ್ಲ ಫೋಟೊಗಳನ್ನೂ ಒಂದೇ ಫೋಲ್ಡರಿಗೆ ಹಾಕಿ, ಬಣ್ಣ ತಿದ್ದಿದ ಪ್ರತಿಯನ್ನು ಬೇರೆ ಇಡಿ, ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಮುಟ್ಟಬೇಡಿ.